ಕಾರಿಲ್ಲದೆ ಕರಾವಳಿ: ಕಡಲ ನಡಿಗೆಗೆ ಬಿಡಾರ ಎಲ್ಲಿ?

ಕರಾವಳಿ ಪ್ರವಾಸವೆಂದರೆ ಕಾರು ಬಾಡಿಗೆಗೆ ಹಿಡಿದು ಮೂರು ದಿನಗಳಲ್ಲಿ ಹತ್ತು ಸ್ಥಳಗಳನ್ನು ‘ಮುಗಿಸಿ’ ಬರುವುದು ಎಂಬ ರೂಢಿ ನಮ್ಮ ನಗರವಾಸಿಗಳಲ್ಲಿ ಬೇರೂರಿದೆ. ಹೀಗೆ ಹೋಗಿಬಂದವರನ್ನು ವಿಚಾರಿಸಿದರೆ ಕಡಲಿಗಿಂತ ಹೆದ್ದಾರಿಯ ನೆನಪೇ ಹೆಚ್ಚಾಗಿರುತ್ತದೆ. ಒಂದೇ ಊರಿನಲ್ಲಿ ನಾಲ್ಕಾರು ದಿನ ಬಿಡಾರ ಹೂಡಿ, ದಿನಕ್ಕೊಂದು ದಿಕ್ಕಿಗೆ ನಡೆದು, ಸಂಜೆಗೆ ಅದೇ ಕೋಣೆಗೆ ಮರಳುವ ಪ್ರವಾಸ ಇದಕ್ಕೆ ತೀರ ಭಿನ್ನವಾದುದು. ಖರ್ಚು ಕಡಿಮೆ, ಕಾಣುವುದು ಹೆಚ್ಚು. ಆದರೆ ಇಂಥ ಪ್ರವಾಸದ ಸೋಲು-ಗೆಲುವು ನಿರ್ಧಾರವಾಗುವುದು ನಡಿಗೆ ಆರಂಭವಾಗುವ ಮೊದಲೇ, ಬಿಡಾರದ ಆಯ್ಕೆಯಲ್ಲಿ.

ಕರ್ನಾಟಕದ ಕರಾವಳಿಯ ಉದ್ದ ಸುಮಾರು 320 ಕಿ.ಮೀ. ಪ್ರಸಿದ್ಧ ಕಡಲತೀರ ಎಲ್ಲಿದೆಯೋ ಅಲ್ಲೇ ಕೋಣೆ ಹಿಡಿಯುವುದು ಸಾಮಾನ್ಯ. ಸ್ವಂತ ವಾಹನ ಇಲ್ಲದವರಿಗೆ ಈ ಲೆಕ್ಕಾಚಾರ ಕೈಕೊಡುತ್ತದೆ. ತೀರ ಎಷ್ಟು ಚೆಂದ ಎನ್ನುವುದಕ್ಕಿಂತ, ರೈಲು, ಬಸ್ಸು ಮತ್ತು ದೋಣಿ ಮೂರೂ ಎಲ್ಲಿ ಸಮೀಪಿಸುತ್ತವೆ ಎಂಬುದೇ ಅವರಿಗೆ ಮುಖ್ಯ. ಈ ದೃಷ್ಟಿಯಿಂದ ನೋಡಿದಾಗ, ಪ್ರವಾಸಿ ಭೂಪಟದಲ್ಲಿ ಅಷ್ಟೇನೂ ಮಿನುಗದ ಕುಮಟಾದಂತಹ ಊರು ಗೋಕರ್ಣವನ್ನೂ ಹಿಂದಿಕ್ಕುತ್ತದೆ.

ರೈಲು ತಂದ ಅನುಕೂಲ

1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ಣಪ್ರಮಾಣದಲ್ಲಿ ಸಂಚಾರಕ್ಕೆ ತೆರೆದುಕೊಂಡ ಬಳಿಕ ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಗೆ ಹೊಸ ಬೆನ್ನೆಲುಬು ದೊರೆಯಿತು. ಬೆಂಗಳೂರಿನವರಿಗೆ ಇಂದು ಅತ್ಯಂತ ಉಪಯುಕ್ತವಾದುದು ಕಾರವಾರದವರೆಗಿನ ಪಂಚಗಂಗಾ ಎಕ್ಸ್‌ಪ್ರೆಸ್. 2020ರಲ್ಲಿ ಆರಂಭವಾದ ಈ ರೈಲು ಸಂಜೆ ಹೊರಟು, ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ಮಾರ್ಗವಾಗಿ ಘಟ್ಟ ಇಳಿದು, ಬೆಳಗಿನ ಹೊತ್ತಿಗೆ ಉಡುಪಿ, ಕುಂದಾಪುರ, ಭಟ್ಕಳ, ಮುರುಡೇಶ್ವರ, ಕುಮಟಾ, ಗೋಕರ್ಣ ರೋಡ್, ಅಂಕೋಲಾ ನಿಲ್ದಾಣಗಳನ್ನು ಮುಟ್ಟುತ್ತದೆ. ಮೈಸೂರು ಭಾಗದವರಿಗೆ, 2023ರಲ್ಲಿ ಮುರುಡೇಶ್ವರದವರೆಗೆ ವಿಸ್ತರಣೆಗೊಂಡ ಬೆಂಗಳೂರು–ಮೈಸೂರು–ಮಂಗಳೂರು ರೈಲು ಇದೆ.

ಉತ್ತರ ಕರ್ನಾಟಕದವರಿಗೆ ಈ ಭಾಗ್ಯವಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ಬೇಡಿಕೆ ದಶಕಗಳಷ್ಟು ಹಳೆಯದಾದರೂ ರೈಲು ಇನ್ನೂ ಘಟ್ಟ ಇಳಿದಿಲ್ಲ. ಅವರು ಯಲ್ಲಾಪುರ ಮಾರ್ಗವಾಗಿ ಅಂಕೋಲಾಕ್ಕೆ ಅಥವಾ ಶಿರಸಿ ಮಾರ್ಗವಾಗಿ ಕುಮಟಾಕ್ಕೆ ಬಸ್ಸಿನಲ್ಲೇ ಬರಬೇಕು. ಶಿವಮೊಗ್ಗ ಕಡೆಯವರು ತಾಳಗುಪ್ಪದವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಗೇರುಸೊಪ್ಪೆ ಘಟ್ಟದ ಬಸ್ಸು ಹಿಡಿದು ಹೊನ್ನಾವರಕ್ಕೆ ಇಳಿಯಬಹುದು.

ರೈಲು ನಿಲ್ದಾಣದ ಹೆಸರು ಕಂಡು ಮೋಸಹೋಗಬಾರದು. ‘ಗೋಕರ್ಣ ರೋಡ್’ ನಿಲ್ದಾಣ ಇರುವುದು ಹೆದ್ದಾರಿಯ ಬಳಿ, ಮಾದನಗೇರಿಯ ಸಮೀಪ. ಗೋಕರ್ಣ ಪೇಟೆ ಅಲ್ಲಿಂದ ಸುಮಾರು ಹತ್ತು ಕಿ.ಮೀ. ದೂರ. ಮುರುಡೇಶ್ವರ ನಿಲ್ದಾಣವೂ ಹೆದ್ದಾರಿಯ ಪೂರ್ವಕ್ಕಿದ್ದು, ಕಡಲತೀರ ಪಶ್ಚಿಮಕ್ಕೆ ಹಲವು ಕಿ.ಮೀ. ಆಚೆಗಿದೆ. ಕುಮಟಾ ನಿಲ್ದಾಣದಿಂದ ಬಸ್ ನಿಲ್ದಾಣಕ್ಕಾದರೋ ಚೀಲ ಹೆಗಲಿಗೇರಿಸಿ ಅರ್ಧ ಗಂಟೆಯೊಳಗೆ ನಡೆದೇ ಹೋಗಬಹುದು.

ನೋಡಬೇಕಾದ ನಾಲ್ಕು ಅಂಶಗಳು

ಮೊದಲನೆಯದು, ಬಸ್ಸು. ಬಿಡಾರದ ಊರಿನಿಂದ ಕಡಲಂಚಿನ ಹಳ್ಳಿಗಳಿಗೆ ಗ್ರಾಮಾಂತರ ಬಸ್ಸು ಇದೆಯೇ, ಎಷ್ಟು ಹೊತ್ತಿಗೊಮ್ಮೆ ಇದೆ ಎಂಬುದನ್ನು ತಿಳಿಯಬೇಕು. ಇಲ್ಲೊಂದು ಸರಳ ನಿಯಮ ನೆನಪಿಡತಕ್ಕದ್ದು: ಹೋಗುವಾಗ ಬಸ್ಸು, ಬರುವಾಗ ನಡಿಗೆ. ಬೆಳಗಿನ ಬಸ್ಸಿನಲ್ಲಿ ದೂರದ ತುದಿಗೆ ಹೋಗಿ ಇಳಿದು, ಅಲ್ಲಿಂದ ಬಿಡಾರದತ್ತ ನಡೆದುಬಂದರೆ ಕೊನೆಯ ಬಸ್ಸು ತಪ್ಪುವ ಆತಂಕವೇ ಇರುವುದಿಲ್ಲ. ಇದಕ್ಕೆ ವಿರುದ್ಧವಾಗಿ ನಡೆದುಹೋಗಿ ಬಸ್ಸಿಗಾಗಿ ಕಾಯುವವರು, ಕತ್ತಲಾದ ಮೇಲೆ ಅಪರಿಚಿತ ಹಳ್ಳಿಯಲ್ಲಿ ರಿಕ್ಷಾ ಹುಡುಕಬೇಕಾದೀತು.

ಎರಡನೆಯದು, ಅಳಿವೆ. ನಮ್ಮ ಕರಾವಳಿಯ ಉದ್ದಕ್ಕೂ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಮೊದಲಾದ ನದಿಗಳು ಸಮುದ್ರ ಸೇರುತ್ತವೆ. ಅವುಗಳ ನಡುವೆ ಸಣ್ಣಪುಟ್ಟ ಹೊಳೆ, ಕೋಡಿಗಳಿಗೆ ಲೆಕ್ಕವಿಲ್ಲ. ಭೂಪಟದಲ್ಲಿ ಅಖಂಡವಾಗಿ ಕಾಣುವ ಮರಳುದಂಡೆ ವಾಸ್ತವದಲ್ಲಿ ತುಂಡು ತುಂಡು. ಸೇತುವೆಯೋ ದೋಣಿಯೋ ಇಲ್ಲದ ಅಳಿವೆ ನಡೆಯುವವನ ಪಾಲಿಗೆ ದಾರಿಯ ಕೊನೆ. ಆಳ ಕಡಿಮೆ ಎಂದು ಕಂಡರೂ ಅಳಿವೆಯನ್ನು ಕಾಲ್ನಡಿಗೆಯಲ್ಲಿ ದಾಟುವ ಸಾಹಸ ಸಲ್ಲದು. ನದಿಯ ಸೆಳೆತ ಮತ್ತು ಸಮುದ್ರದ ಸೆಳೆತ ಅಲ್ಲಿ ಒಂದಾಗುತ್ತವೆ. ಕಾಲಡಿಯ ಮರಳು ದಿನದಿಂದ ದಿನಕ್ಕೆ ಬದಲಾಗುತ್ತದೆ.

ಮೂರನೆಯದು, ಹೆದ್ದಾರಿಯಿಂದ ಇರುವ ಅಂತರ. ಕುಂದಾಪುರ–ಬೈಂದೂರು ನಡುವಿನ ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ವಾಹನದಲ್ಲಿ ಸಾಗುವವರಿಗೆ ಇದಕ್ಕಿಂತ ಸೊಗಸಾದ ನೋಟ ಬೇರಿಲ್ಲ. ಆದರೆ ನಡೆಯುವವರಿಗೆ ಅಲ್ಲಿ ಅಲೆಗಳ ಸದ್ದಿಗಿಂತ ಲಾರಿಗಳ ಸದ್ದೇ ಜೋರು. ಹೆದ್ದಾರಿಯಿಂದ ಎರಡು ಮೂರು ಕಿ.ಮೀ. ಪಶ್ಚಿಮಕ್ಕೆ ಸರಿದಿರುವ ತೀರಗಳೇ ನಡಿಗೆಗೆ ಯೋಗ್ಯ.

ನಾಲ್ಕನೆಯದು, ಊಟ, ಔಷಧಿ ಅಂಗಡಿ ಮತ್ತು ಆಸ್ಪತ್ರೆ. ತಾಲ್ಲೂಕು ಕೇಂದ್ರದಲ್ಲಿ ಉಳಿಯುವುದರ ದೊಡ್ಡ ಲಾಭವೇ ಇದು. ಒಂಟಿ ತೀರದ ಕುಟೀರದಲ್ಲಿ ಉಳಿದವರು ಪ್ರತಿ ಊಟಕ್ಕೂ ಆ ಕುಟೀರದ ಅಡುಗೆಮನೆಯನ್ನೇ ನಂಬಬೇಕಾಗುತ್ತದೆ. ಕಾಲು ಉಳುಕಿದರೆ ವೈದ್ಯರೂ ದೂರ.

ಗೋಕರ್ಣ: ಎರಡು ದಿನಕ್ಕೆ ಸರಿ

ಕಾಲ್ನಡಿಗೆಯ ಕಡಲತೀರಗಳೆಂದರೆ ಮೊದಲು ನೆನಪಾಗುವುದು ಗೋಕರ್ಣ. ಇದಕ್ಕೆ ಕಾರಣವೂ ಇದೆ. ಪೇಟೆಯಿಂದ ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಮತ್ತೊಂದು ಗುಡ್ಡದಾಚೆ ಓಂ, ಅನಂತರ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್ ಬೀಚ್ – ಹೀಗೆ ಒಂದರ ಹಿಂದೊಂದು ಕೊಲ್ಲಿಗಳು. ಓಂ ಬೀಚಿನವರೆಗೆ ರಸ್ತೆಯಿದೆ. ಅಲ್ಲಿಂದ ಮುಂದಿನ ಎರಡಕ್ಕೆ ಕಾಲುದಾರಿ ಇಲ್ಲವೇ ದೋಣಿ ಮಾತ್ರ. ಬೆಳಿಗ್ಗೆ ಬೇಗ ಹೊರಟರೆ ನಾಲ್ಕನ್ನೂ ನೋಡಿ, ಬಿಸಿಲೇರುವ ಮುನ್ನ ಓಂ ಬೀಚಿಗೆ ಮರಳಬಹುದು.

ಆದರೆ ಇಷ್ಟು ಮುಗಿದ ಮೇಲೆ ಗೋಕರ್ಣದ ಬಿಡಾರ ಸೊರಗುತ್ತದೆ. ರೈಲು ನಿಲ್ದಾಣ ದೂರ. ವಾರಾಂತ್ಯ, ರಜಾದಿನಗಳು ಹಾಗೂ ಶಿವರಾತ್ರಿಯ ಸಂದರ್ಭದಲ್ಲಿ ದೇವಸ್ಥಾನದ ಸುತ್ತಲಿನ ಕಿರಿದಾದ ಬೀದಿಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಕೋಣೆಗಳ ಬಾಡಿಗೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ. ಆದ್ದರಿಂದ ಗೋಕರ್ಣವನ್ನು ಇಡೀ ಪ್ರವಾಸದ ನೆಲೆಯಾಗಿಸುವುದಕ್ಕಿಂತ, ನಡಿಗೆಯ ಕೊನೆಯ ಎರಡು ರಾತ್ರಿಗಳಿಗೆ ಮೀಸಲಿಡುವುದು ಲೇಸು. ವಾರದ ನಡುವಿನ ದಿನಗಳಲ್ಲಿ ಬಂದರೆ ಇನ್ನೂ ಒಳ್ಳೆಯದು.

ಕುಮಟಾ: ನಡೆಯುವವರ ಊರು

ಕುಮಟಾ ಪೇಟೆಗೆ ಕಡಲಂಚಿನ ಊರೆಂಬ ಠೀವಿಯಿಲ್ಲ. ಹೆದ್ದಾರಿ, ಬಸ್ ನಿಲ್ದಾಣ, ತರಕಾರಿ ಮಾರುಕಟ್ಟೆ, ಸಾಧಾರಣ ವಸತಿಗೃಹಗಳು – ಇಷ್ಟೇ. ಆದರೆ ನಕ್ಷೆ ತೆರೆದು ನೋಡಿದರೆ ಇದರ ಮಹತ್ವ ಅರಿವಾಗುತ್ತದೆ. ಪಶ್ಚಿಮಕ್ಕೆ ವನ್ನಳ್ಳಿ, ವಾಯವ್ಯಕ್ಕೆ ಹೊಲನಗದ್ದೆ, ಕಡ್ಲೆ, ಗುಡೇಅಂಗಡಿ, ಬಾಡ, ಕಾಗಾಲ, ಕೊನೆಗೆ ನದೀಮುಖದಲ್ಲಿ ಅಘನಾಶಿನಿ ಗ್ರಾಮ. ಕುಮಟಾದಿಂದ ಅಘನಾಶಿನಿಯವರೆಗಿನ ಈ ಹತ್ತು–ಹನ್ನೆರಡು ಕಿ.ಮೀ. ತೀರದಲ್ಲಿ ಮರಳುದಂಡೆ, ಕೆಂಪು ಮುರಕಲ್ಲಿನ ಗುಡ್ಡ, ಮತ್ತೆ ಮರಳುದಂಡೆ ಎಂಬ ಸರದಿ ಮುಂದುವರಿಯುತ್ತದೆ. ಹೆದ್ದಾರಿ ಇಲ್ಲಿಂದ ಒಳಕ್ಕೆ ಸರಿದುಹೋಗಿರುವುದರಿಂದ ಅದರ ಸದ್ದು ತಲುಪುವುದಿಲ್ಲ. ಗುಡ್ಡದ ನೆತ್ತಿಯಲ್ಲಿ ನೆರಳು ಮಾತ್ರ ಕಡಿಮೆ.

ಇಲ್ಲಿ ಮೂರು ದಿನಗಳ ನಡಿಗೆಯನ್ನು ಹೀಗೆ ಹೊಂದಿಸಿಕೊಳ್ಳಬಹುದು.

ಮೊದಲ ದಿನ ದಕ್ಷಿಣದ ಧಾರೇಶ್ವರಕ್ಕೆ ಹೆದ್ದಾರಿಯ ಬಸ್ಸಿನಲ್ಲಿ ಹೋಗಿ, ಅಲ್ಲಿನ ಪುರಾತನ ದೇವಾಲಯ ನೋಡಿ, ನೀಳವಾದ ತೀರದಲ್ಲಿ ಕಾಲಿಗೆ ಅಭ್ಯಾಸ ಮಾಡಿಸಿಕೊಂಡು ಬರಬಹುದು. ಗೋಕರ್ಣ, ಗುಣವಂತೆ, ಮುರುಡೇಶ್ವರ, ಶೆಜ್ಜೇಶ್ವರಗಳೊಡನೆ ಧಾರೇಶ್ವರವನ್ನೂ ಪಂಚಕ್ಷೇತ್ರಗಳಲ್ಲಿ ಒಂದೆಂದು ಎಣಿಸಲಾಗುತ್ತದೆ. ಬೇಸಿಗೆಯ ಆರಂಭದಲ್ಲಿ ಈ ದಾರಿಯ ಇಕ್ಕೆಲಗಳಲ್ಲಿ ಗೊಂಚಲು ಕಟ್ಟಿ ತೂಗುಹಾಕಿದ ಕುಮಟಾದ ಸಿಹಿ ಈರುಳ್ಳಿ ಮಾರಾಟಕ್ಕೆ ಇರುತ್ತದೆ.

ಎರಡನೆಯ ದಿನ ಬೆಳಗಿನ ಬಸ್ಸಿನಲ್ಲಿ ಬಾಡ ಅಥವಾ ಅಘನಾಶಿನಿಗೆ ಹೋಗಿ ಇಳಿದು, ಕಡಲನ್ನು ಬಲಕ್ಕಿಟ್ಟುಕೊಂಡು ದಕ್ಷಿಣಕ್ಕೆ ನಡೆಯಬೇಕು. ಗುಡ್ಡಗಳನ್ನು ದಾಟುವ ಕಾಲುದಾರಿಗಳಿಗೆ ಫಲಕಗಳಿರುವುದಿಲ್ಲ. ಬಲೆ ಹೆಣೆಯುತ್ತ ಕುಳಿತವರನ್ನು ಕೇಳಿದರೆ ಸರಿಯಾದ ದಾರಿ ತೋರುತ್ತಾರೆ. ಕಡ್ಲೆ ತೀರ ದಾಟಿ ಹೊಲನಗದ್ದೆ ತಲುಪಿದ ಮೇಲೆ ಊರ ರಸ್ತೆ ಹಿಡಿದರೆ ಕುಮಟಾ ದೂರವಿಲ್ಲ. ದಣಿದವರು ಮಧ್ಯದ ಯಾವುದೇ ಹಳ್ಳಿಯಲ್ಲಿ ರಸ್ತೆಗೆ ಸೇರಿಕೊಳ್ಳಬಹುದೆಂಬುದು ಈ ದಾರಿಯ ದೊಡ್ಡ ಗುಣ.

ಮೂರನೆಯ ದಿನದ್ದು ನದಿಯಾಚೆಗಿನ ನಡಿಗೆ. ಚೀಲ ಹೊತ್ತು ಬಸ್ಸಿನಲ್ಲಿ ಅಘನಾಶಿನಿಗೆ ಬಂದು, ದೋಣಿಯಲ್ಲಿ ತದಡಿಗೆ ದಾಟಿ, ಬೇಲೇಕಾನ ಮಾರ್ಗವಾಗಿ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆಗಳನ್ನು ಹಾದು ಸಂಜೆಗೆ ಗೋಕರ್ಣ ಸೇರಬಹುದು. ಚಳಿಗಾಲದ ಸೂರ್ಯ ದಕ್ಷಿಣದಲ್ಲಿರುವುದರಿಂದ ಉತ್ತರಾಭಿಮುಖವಾದ ಈ ನಡಿಗೆಯಲ್ಲಿ ಬಿಸಿಲು ಬಹುಪಾಲು ಬೆನ್ನಿಗೆ ಬೀಳುತ್ತದೆ, ಕಣ್ಣಿಗಲ್ಲ. ಮಾರನೆಯ ದಿನ ಗೋಕರ್ಣದಲ್ಲಿ ವಿಶ್ರಾಂತಿ. ಗುಡ್ಡ ಹತ್ತಲಾಗದವರು ತದಡಿಯಿಂದ ಬಸ್ಸು ಇಲ್ಲವೇ ರಿಕ್ಷಾದಲ್ಲಿ ಐದಾರು ಕಿ.ಮೀ. ದೂರದ ಗೋಕರ್ಣಕ್ಕೆ ನೇರವಾಗಿ ಹೋಗಬಹುದು.

ಈ ದೋಣಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅಘನಾಶಿನಿ ಗ್ರಾಮದಿಂದ ಎದುರು ದಡದ ತದಡಿ ಕಣ್ಣಿಗೆ ಕಾಣುವಷ್ಟು ಹತ್ತಿರ. ನದೀಮುಖದಲ್ಲಿ ಸೇತುವೆಯಿಲ್ಲದ ಕಾರಣ ಕಾರಿನಲ್ಲಿ ಬಂದವರು ಕುಮಟಾ, ಮಿರ್ಜಾನ, ಮಾದನಗೇರಿಗಳನ್ನು ಸುತ್ತಿಕೊಂಡು ಸುಮಾರು ನಲವತ್ತು ಕಿ.ಮೀ. ಕ್ರಮಿಸಬೇಕು. ಬರಿಗೈಯಲ್ಲಿ ನಡೆದುಬಂದವರು ಮೀನು ಮಾರುವವರು, ಶಾಲೆಗೆ ಹೋಗುವವರೊಡನೆ ದೋಣಿಯಲ್ಲಿ ಕುಳಿತು ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತಾರೆ. ಕಾರಿಲ್ಲದಿರುವುದು ಕೊರತೆಯಲ್ಲ, ಕೆಲವೊಮ್ಮೆ ಅದೇ ಹತ್ತಿರದ ದಾರಿ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ನದಿಯೂ ಸಾಧಾರಣದ್ದಲ್ಲ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲಿಯೂ ಅಣೆಕಟ್ಟಿನ ತಡೆಯಿಲ್ಲದೆ ಕಡಲು ಸೇರುವ ಅಪರೂಪದ ನದಿ ಅಘನಾಶಿನಿ. ಅದರ ಅಳಿವೆ ಪ್ರದೇಶವನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು. ಇಳಿತದ ಹೊತ್ತಿನಲ್ಲಿ ಇಲ್ಲಿ ನೂರಾರು ಮಂದಿ ನದಿಗಿಳಿದು ಬಳಚು ಹೆಕ್ಕುತ್ತಾರೆ. ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ ಉಪ್ಪನ್ನು ಸಹಿಸಿ ಬೆಳೆಯುವ ಕಗ್ಗ ಎಂಬ ಭತ್ತದ ತಳಿ ಇನ್ನೂ ಉಳಿದುಕೊಂಡಿದೆ. ತದಡಿ ಕಡೆಯ ದಡದಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ. ಒಂದು ದಿನ ಬಿಡುವಿದ್ದರೆ, ಹೆದ್ದಾರಿಯ ಬಸ್ಸಿನಲ್ಲಿ ಕುಮಟಾದಿಂದ ಹನ್ನೊಂದು ಕಿ.ಮೀ. ದೂರದ ಮಿರ್ಜಾನ ಕೋಟೆಗೂ ಹೋಗಿಬರಬಹುದು. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರಿಂದ ಕರೆಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ತಳುಕು ಹಾಕಿಕೊಂಡ ಕೋಟೆಯಿದು.

ಉಡುಪಿ–ಮಲ್ಪೆ: ಹಿರಿಯರು, ಮಕ್ಕಳಿದ್ದರೆ

ವಯಸ್ಸಾದ ತಂದೆ-ತಾಯಿ ಅಥವಾ ಚಿಕ್ಕ ಮಕ್ಕಳ ಜೊತೆ ಹೋಗುವವರಿಗೆ ಗುಡ್ಡಗಾಡಿನ ಕುಮಟಾ ತೀರ ತ್ರಾಸದಾಯಕವಾದೀತು. ಅಂಥವರಿಗೆ ಉಡುಪಿಯೇ ಸೂಕ್ತ. ಇಂದ್ರಾಳಿಯಲ್ಲಿರುವ ರೈಲು ನಿಲ್ದಾಣದಿಂದ ಪೇಟೆ ಮೂರು ನಾಲ್ಕು ಕಿ.ಮೀ.; ಪೇಟೆಯಿಂದ ಮಲ್ಪೆಗೆ ಆರು ಕಿ.ಮೀ. ಸಿಟಿ ಬಸ್ಸುಗಳಿಗೆ ಬರವಿಲ್ಲ. ಊಟದ ವಿಷಯದಲ್ಲಿ ಉಡುಪಿಗೆ ಶಿಫಾರಸಿನ ಅಗತ್ಯವಿಲ್ಲ.

ಮಲ್ಪೆಯಿಂದ ಉತ್ತರಕ್ಕೆ ಹೂಡೆಯ ಮೂಲಕ ಕೋಡಿಬೆಂಗ್ರೆಯವರೆಗಿನ ದಾರಿ ಸಂಪೂರ್ಣ ಸಮತಟ್ಟು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೊಳೆ, ನಡುವಿನ ಕಿರಿದಾದ ನೆಲದಲ್ಲಿ ತೆಂಗಿನ ತೋಟಗಳು ಹಾಗೂ ಮೀನುಗಾರರ ಮನೆಗಳು. ತುದಿಯಲ್ಲಿ ಸುವರ್ಣಾ ಮತ್ತು ಸೀತಾ ನದಿಗಳು ಒಟ್ಟಾಗಿ ಸಮುದ್ರ ಸೇರುತ್ತವೆ. ಬಸ್ಸಿನಲ್ಲಿ ಹೋಗಿ ಇಳಿದು ಶಕ್ತ್ಯನುಸಾರ ಹಿಂದಕ್ಕೆ ನಡೆದುಬರಬಹುದು. ದಕ್ಷಿಣಕ್ಕೆ ಪಡುಕರೆಯ ಸೇತುವೆ ದಾಟಿದರೆ ಮಟ್ಟುವಿನವರೆಗೂ ಇಂಥದೇ ನೆಲ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಮಟ್ಟುಗುಳ್ಳ ಬೆಳೆಯುವುದು ಇಲ್ಲಿಯೇ. ಇನ್ನೂ ದಕ್ಷಿಣಕ್ಕೆ, ಕಾಪುವಿನಲ್ಲಿ 1901ರ ದೀಪಸ್ತಂಭವಿದೆ. ನಡಿಗೆ ಬೇಡವೆನಿಸಿದ ದಿನ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪದ ಕಂಬಶಿಲೆಗಳನ್ನು ನೋಡಿಬರಬಹುದು. ಮಳೆಗಾಲದಲ್ಲಿ ಈ ದೋಣಿಗಳು ನಿಲ್ಲುತ್ತವೆ.

ಬಸ್ಸಿನ ವ್ಯವಸ್ಥೆಯಲ್ಲಿ ಒಂದು ವ್ಯತ್ಯಾಸ ಗಮನಾರ್ಹ. ಉಡುಪಿ ಭಾಗದಲ್ಲಿ ಖಾಸಗಿ ಬಸ್ಸುಗಳದ್ದೇ ಪ್ರಾಬಲ್ಯ. ಉತ್ತರ ಕನ್ನಡದಲ್ಲಿ ಓಡುವುದು ಹೆಚ್ಚಾಗಿ ವಾಯವ್ಯ ಸಾರಿಗೆ ಸಂಸ್ಥೆಯ ಬಸ್ಸುಗಳು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣ ಇರುವುದು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಾತ್ರ. ಖಾಸಗಿ ಬಸ್ಸಿನಲ್ಲಿ ಟಿಕೆಟ್ ಪಡೆಯಲೇಬೇಕು.

ಕಾಲ, ಉಬ್ಬರ ಮತ್ತು ಎಚ್ಚರ

ನವೆಂಬರ್‌ನಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳು ನಡಿಗೆಗೆ ಪ್ರಶಸ್ತ. ಮಾರ್ಚ್ ನಂತರ ಸೆಕೆ ಅಸಹನೀಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರದ ನಡಿಗೆಯ ಯೋಚನೆಯನ್ನೇ ಬಿಡುವುದು ಕ್ಷೇಮ. ಆ ಅವಧಿಯಲ್ಲಿ ಕೊಂಕಣ ರೈಲ್ವೆ ಪ್ರತ್ಯೇಕ ಮಳೆಗಾಲದ ವೇಳಾಪಟ್ಟಿಯಂತೆ ನಿಧಾನಗತಿಯಲ್ಲಿ ಓಡುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡ ದುರಂತ, ಮಳೆಗಾಲದ ಕರಾವಳಿಯ ಹೆದ್ದಾರಿ ಎಷ್ಟು ಅಪಾಯಕಾರಿ ಎಂಬುದನ್ನು ತೋರಿಸಿಕೊಟ್ಟಿದೆ.

ಘಟ್ಟದ ಮೇಲಿನವರು ಮರೆಯುವ ಮುಖ್ಯ ಸಂಗತಿ ಉಬ್ಬರ-ಇಳಿತ. ಇಪ್ಪತ್ತನಾಲ್ಕು ಗಂಟೆ ಐವತ್ತು ನಿಮಿಷಗಳ ಅವಧಿಯಲ್ಲಿ ಎರಡು ಉಬ್ಬರ, ಎರಡು ಇಳಿತ. ಹೀಗಾಗಿ ಇಂದಿನ ಇಳಿತಕ್ಕಿಂತ ನಾಳೆಯದು ಸುಮಾರು ಐವತ್ತು ನಿಮಿಷ ತಡವಾಗಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ಅತ್ಯಧಿಕ. ಇಳಿತದ ಹೊತ್ತಿನಲ್ಲಿ ಗಟ್ಟಿಯಾದ ಒದ್ದೆ ಮರಳಿನ ಮೇಲೆ ಸಲೀಸಾಗಿ ನಡೆಯಬಹುದು. ಉಬ್ಬರದಲ್ಲಿ ಅದೇ ದಂಡೆ ಮಾಯವಾಗಿ, ನಡೆಯುವವರು ಬಂಡೆಗಳ ಬುಡದಲ್ಲಿ ಸಿಕ್ಕಿಕೊಳ್ಳುವ ಸಂಭವವಿದೆ. ಬಂಡೆಯ ಬುಡ ಸುತ್ತುವ ದಾರಿಯನ್ನು ನೀರು ಇಳಿಯುತ್ತಿರುವಾಗ ಮಾತ್ರ ಹಿಡಿಯಬೇಕು. ನೀರು ಏರುತ್ತಿದ್ದರೆ ಗುಡ್ಡದ ಮೇಲಿನ ದಾರಿಯೇ ಗತಿ.

ಸ್ನಾನಕ್ಕಿಳಿಯುವ ಆಸೆ ಇನ್ನೂ ಅಪಾಯಕಾರಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಅಲೆಗಳು ಒಡೆಯುತ್ತಿರುವ ಸಾಲಿನ ನಡುವೆ ಶಾಂತವಾಗಿ ಕಾಣುವ ನೀರಿನ ಪಟ್ಟಿ ಹೆಚ್ಚಾಗಿ ಸೆಳೆತದ ಜಾಗ. ಅಪರಿಚಿತರಿಗೆ ಅದೇ ಸುರಕ್ಷಿತವೆಂದು ತೋರುತ್ತದೆ. ಸೆಳೆತಕ್ಕೆ ಸಿಕ್ಕವರು ದಡದತ್ತ ನೇರವಾಗಿ ಈಜಲು ಹೆಣಗದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಜೀವರಕ್ಷಕರಿಲ್ಲದ ತೀರದಲ್ಲಿ ಮೊಣಕಾಲು ಮೀರಿ ನೀರಿಗಿಳಿಯುವುದು ಬೇಡವೇ ಬೇಡ. ನಡಿಗೆಯ ಪ್ರವಾಸದಲ್ಲಿ ಸಿಗುವ ತೀರಗಳಲ್ಲಿ ಬಹುಪಾಲು ಅಂಥವೇ.

ಹೊರಡುವ ಮುನ್ನ

* ಮರುದಿನದ ಇಳಿತದ ವೇಳೆಯನ್ನು ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ. ಮೊಬೈಲಿನಲ್ಲಿ ಸಿಗುವ ವೇಳಾಪಟ್ಟಿಯನ್ನು ಸ್ಥಳೀಯ ಮೀನುಗಾರರಲ್ಲಿ ಖಚಿತಪಡಿಸಿಕೊಳ್ಳಿ.

* ದೋಣಿ ಮತ್ತು ಹಳ್ಳಿ ಬಸ್ಸಿನ ಸಮಯವನ್ನು ಹಿಂದಿನ ದಿನವೇ ಬಸ್ ನಿಲ್ದಾಣದಲ್ಲಿ, ಧಕ್ಕೆಯಲ್ಲಿ ವಿಚಾರಿಸಿ. ದೋಣಿಯಲ್ಲಿ ಜೀವರಕ್ಷಕ ಜಾಕೆಟ್ ಕೇಳಿ ಪಡೆಯಿರಿ.

* ಬೆಳಿಗ್ಗೆ ಆರೂವರೆಯೊಳಗೆ ಹೊರಟು ಹನ್ನೊಂದರೊಳಗೆ ಮುಗಿಸುವಂತಿರಲಿ. ಉಳಿದದ್ದನ್ನು ನಾಲ್ಕರ ನಂತರ ನಡೆಯಬಹುದು.

* ತಲೆಗೆ ಎರಡು ಲೀಟರ್‌ಗೆ ಕಡಿಮೆಯಿಲ್ಲದಂತೆ ನೀರು ಒಯ್ಯಿರಿ. ತಂಗುದಾಣದವರಿಗೆ ಹೋಗುವ ದಾರಿ, ಮರಳುವ ಸಮಯ ತಿಳಿಸಿ ಹೊರಡಿ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಿ.

* ಮರಳಿನ ಮೇಲೆ ಹರಡಿದ ಬಲೆ, ಒಣಮೀನುಗಳನ್ನು ತುಳಿಯದೆ ಬಳಸಿ ಹೋಗಿ. ಅದು ಊರವರ ಅಂಗಳ. ಒಯ್ದ ಪ್ಲಾಸ್ಟಿಕ್ ಬಾಟಲಿ ನಿಮ್ಮ ಚೀಲದಲ್ಲೇ ಮರಳಲಿ.

ಒಟ್ಟಿನಲ್ಲಿ, ಕಾಲು ಗಟ್ಟಿಯಿರುವವರಿಗೆ ಕುಮಟಾದಲ್ಲಿ ಮೂರು ರಾತ್ರಿ, ಗೋಕರ್ಣದಲ್ಲಿ ಎರಡು; ಹಿರಿಯರು, ಮಕ್ಕಳಿರುವ ಕುಟುಂಬಕ್ಕೆ ಉಡುಪಿಯಲ್ಲೇ ನಾಲ್ಕು ರಾತ್ರಿ. ಬಿಡಾರ ಸರಿಯಾಗಿದ್ದರೆ ಉಳಿದದ್ದನ್ನು ಬೆಳಗಿನ ಬಸ್ಸು, ಅಳಿವೆಯ ದೋಣಿ ಮತ್ತು ನಿಮ್ಮ ಕಾಲುಗಳು ನೋಡಿಕೊಳ್ಳುತ್ತವೆ.